ಬಾಣಂತಿಯ ಕಳ್ಳ ಉಪವಾಸ

ಅಂಟಿನುಂಡೆಯನ್ನು ಎಲ್ಲಿ ಬಚ್ಚಿಡುವುದು ಎಂಬುದೇ ಆ ಸೋಮವಾರ ಬೆಳಿಗ್ಗೆ ನೇತ್ರಾಳಿಗೆ ಎದುರಾದ ಮೊದಲ ಧರ್ಮಸಂಕಟ. ಅತ್ತೆ ಸುಶೀಲವ್ವ ತಟ್ಟೆಯಲ್ಲಿ ಎರಡು ಉಂಡೆ, ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಅದರ ಮೇಲೆ ಕರಗಿ ಹರಿಯುತ್ತಿದ್ದ ತುಪ್ಪ ಇಟ್ಟು, "ಬಿಸಿ ಇದ್ದಾಗ ತಿನ್ನವಾ, ಆರಿದ ಮ್ಯಾಲೆ ಏನ್ ಸುಖ ಇಲ್ಲ" ಎಂದು ಬೆನ್ನು ತಿರುಗಿಸಿದ್ದೇ ತಡ, ನೇತ್ರಾ ರೊಟ್ಟಿಯನ್ನು ಮಡಚಿ, ಪಲ್ಯವನ್ನು ಅದರ ಹೊಟ್ಟೆಯೊಳಗೆ ತುರುಕಿ, ಪೇಪರ್ ಟವೆಲಿನಲ್ಲಿ ಸುತ್ತಿ, ಉಂಡೆಗಳ ಸಮೇತ ಡಯಾಪರ್ ಬ್ಯಾಗಿನ ತಳಕ್ಕೆ ಇಳಿಸಿದಳು. ಕೈಗೆ ತುಪ್ಪ ಅಂಟಿತ್ತು. ಅಭ್ಯಾಸಬಲದಿಂದ ಬೆರಳು ಬಾಯಿಯ ಹತ್ತಿರ ಹೋಯಿತು, ಹೋದದ್ದು ಅಲ್ಲೇ ನಿಂತಿತು. ತನ್ನ ಬೆರಳನ್ನೇ ಪರಕೀಯರ ಬೆರಳಿನಂತೆ ನೋಡುತ್ತಾ ಕೂತಳು. ಲೋಕದಲ್ಲಿ ಜನ ಎಲ್ಲರೆದುರು ಉಪವಾಸ ಹಿಡಿದು ಒಳಗೆ ಹೋಗಿ ಕದ್ದು ತಿನ್ನುತ್ತಾರೆ. ಅದಕ್ಕೊಂದು ಪರಂಪರೆ ಇದೆ, ಒಂದು ಗೌರವವೂ ಇದೆ. ಎಲ್ಲರೆದುರು ತಿಂದಂತೆ ಮಾಡಿ, ಒಳಗೆ ಹೋಗಿ ಕದ್ದು ಉಪವಾಸ ಮಾಡುವವಳು ತಾನೊಬ್ಬಳೇ ಇರಬೇಕು ಎಂದುಕೊಂಡಾಗ ಅವಳಿಗೆ ನಗು ಬಂತು. ನಗಲು ಹೋದರೆ ತುಟಿ ಹಲ್ಲಿಗೆ ಅಂಟಿಕೊಂಡಿತು.

ಮಹಾಶಿವರಾತ್ರಿ. ಪರದೇಶದ ಅರೋರಾ ಊರಿನ ಈ ಸಾಲುಮನೆಯ ಕಿಟಕಿಯಾಚೆ ಮಾರ್ಚ್ ತಿಂಗಳ ಹಿಮ, ಬೂದು ಬಣ್ಣಕ್ಕೆ ತಿರುಗಿ, ನಾಚಿಕೆಗೆಟ್ಟ ಅತಿಥಿಯಂತೆ ಹೊರಡುವ ಸೂಚನೆಯೇ ಇಲ್ಲದೆ ಕೂತಿತ್ತು. ಅಡುಗೆಮನೆಯಲ್ಲಿ ಸುಶೀಲವ್ವ ಸಾಬೂದಾಣಿ ತೊಯ್ಯಿಸಿದ್ದಳು, ಶೇಂಗಾ ಹುರಿಯುತ್ತಿದ್ದಳು, ಗೆಣಸು ಬೇಯುತ್ತಿತ್ತು. ಹುಬ್ಬಳ್ಳಿ ಕಡೆಯ ಉಪವಾಸ ಎಂದರೆ ಹೀಗೆ. ನೇತ್ರಾ ಮೈಸೂರಿನವಳು, ಅವಳ ಅಪ್ಪ ಕೆಮಿಸ್ಟ್ರಿ ಮೇಷ್ಟ್ರು. ಮನೆಯಲ್ಲಿ ಶಿವರಾತ್ರಿಯ ದಿನವೂ ಉಪ್ಪಿಟ್ಟು ಮಾಡಿಸಿ, ಈರುಳ್ಳಿ ಜಾಸ್ತಿ ಹಾಕಿಸಿ ತಿನ್ನುತ್ತಿದ್ದ ವಿಚಾರವಾದಿ. ಹೋದ ವರ್ಷ ಇದೇ ಹಬ್ಬಕ್ಕೆ ಗಂಡ ಆನಂದಕುಮಾರ ತುಂಬಿದ ತಟ್ಟೆಯ ಮುಂದೆ ಕೂತಾಗ ನೇತ್ರಾ, "ಇದು ಫಲಾಹಾರ ಅಲ್ಲ ಆನಂದ್, ಫುಲ್ ಆಹಾರ" ಎಂದಿದ್ದಳು. ಅವನು ಆ ಮಾತನ್ನು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅವಳಿಗೆ ಹೆಸರು ಬಂತು. ಯಾರ ಮನೆಯ ಪೂಜೆಗೆ ಹೋದರೂ, "ನೇತ್ರಾ ಬಂದ್ರು, ದೇವರು ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ" ಎಂದು ನಗುವವರು. ಪಕ್ಕದೂರು ನ್ಯೂಮಾರ್ಕೆಟಿನ ಈಶ್ವರಪ್ಪನವರ ಮನೆಯಲ್ಲಿ ಒಮ್ಮೆ, "ಉಪನಗರದಲ್ಲಿ ವಾಸ ಮಾಡೋದೇ ಉಪವಾಸ, ಮತ್ತೆ ಬೇರೆ ಯಾಕೆ?" ಎಂದಾಗ ಅರ್ಧ ಕೋಣೆ ಚಪ್ಪಾಳೆ ತಟ್ಟಿತ್ತು. ಅದೇ ಬಾಯಿ ಈಗ ಬೆಳಗಿನಿಂದ ಒಂದು ಹನಿ ನೀರು ಮುಟ್ಟಿಲ್ಲ. ಮಾತಾಡಿದ್ದಕ್ಕೆಲ್ಲ ಒಟ್ಟಿಗೇ ಶಿಕ್ಷೆ ಅನುಭವಿಸುತ್ತಿರುವಂತೆ ನಾಲಿಗೆ ಒಣಗಿ ಮಲಗಿದೆ.

ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಆನಂದನ ಮುಖದ ಮೇಲೆ ಬರುವ ಆ ನಿಧಾನದ, ಅಗಲವಾದ, ಹುಬ್ಬಳ್ಳಿಯಷ್ಟು ಅಗಲವಾದ ನಗು ಅವಳಿಗೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದು ಆ ಹೆರಿಗೆ ಕೋಣೆಗೆ ಹೋಗುತ್ತದೆ. ಅಲ್ಲಿ ಮಾನಿಟರಿನಿಂದ ಬರುತ್ತಿದ್ದ ಮಗುವಿನ ಎದೆಬಡಿತದ ಸದ್ದು ಕುದುರೆ ಓಡಿದಂತೆ ಓಡುತ್ತಿತ್ತು, ಟಕಟಕ ಟಕಟಕ, ಅದನ್ನು ಕೇಳುತ್ತಾ ಕೇಳುತ್ತಾ ನೋವಿನಲ್ಲೂ ಅವಳಿಗೆ ಒಂಥರಾ ಹೆಮ್ಮೆ. ಆಮೇಲೆ ಕುದುರೆ ನಡೆಯತೊಡಗಿತು. ಆಮೇಲೆ ನಿಂತು ನಿಂತು ನಡೆಯಿತು. ಯಾರೂ ಗಾಬರಿಯಾಗಲಿಲ್ಲ. ನರ್ಸು, "ಎಡಕ್ಕೆ ತಿರುಗಿ ಮಲಗೋಣವಾ?" ಎಂದು ಹಾಸಿಗೆಯ ಚಾದರ ಸರಿಮಾಡಿದಷ್ಟೇ ಸಲೀಸಾಗಿ ಕೇಳಿದಳು. ಆ ಸಲೀಸೇ ನೇತ್ರಾಳನ್ನು ಹೆದರಿಸಿತು. ಎಡಕ್ಕೆ ತಿರುಗುತ್ತಾ ತಿರುಗುತ್ತಾ, ತನ್ನದೋ ಅಲ್ಲವೋ ಗೊತ್ತಾಗದ ದನಿಯೊಂದು ಒಳಗಿನಿಂದ ಹೇಳಿತು: ಶಿವಾ, ಮಗು ಸರಿಯಾಗಿ ಬರಲಿ, ಬರುವ ಶಿವರಾತ್ರಿಗೆ ನೀರೂ ಮುಟ್ಟೋದಿಲ್ಲ. ನೀರು ಎಂದು ಯಾಕೆ ಸೇರಿಸಿದಳೋ. ಇಷ್ಟು ವರ್ಷ ಗೇಲಿ ಮಾಡಿದವಳ ಮಾತಿಗೆ ಅವನ ದರ್ಬಾರಿನಲ್ಲಿ ಬೆಲೆ ಇರಲಿಕ್ಕಿಲ್ಲ, ಉಳಿದವರಿಗಿಂತ ಒಂದು ಕೈ ಹೆಚ್ಚೇ ಕೊಡಬೇಕು ಎನ್ನಿಸಿತ್ತೇನೋ. ಕುದುರೆ ಮತ್ತೆ ಓಡಿತು. ಎಡಮಗ್ಗುಲಿಗೆ ತಿರುಗಿದ್ದರಿಂದ ಓಡಿತು ಎಂದು ಮೇಷ್ಟ್ರ ಮಗಳಿಗೆ ಗೊತ್ತಿತ್ತು. ಮಾತು ಕೊಟ್ಟವಳು ಮಾತ್ರ ಮೇಷ್ಟ್ರ ಮಗಳಲ್ಲ, ಬೇರೆ ಯಾರೋ. ಆ ಬೇರೆ ಯಾರೋ ಈಗ ಮನೆಗೇ ಬಂದು ಇಳಿದುಕೊಂಡಿದ್ದಳು.

ಹುಟ್ಟಿದ ಮಗುವಿಗೆ ಸಾಹಿತ್ಯ ಎಂದು ಹೆಸರಿಟ್ಟರು. ಮನೆಯಲ್ಲಿ ಸಾಹಿತ್ಯ ಅತ್ತರೆ ಮೂವರು ಓಡುತ್ತಿದ್ದರು, ನಕ್ಕರೆ ಮೂವರೂ ಫೋನ್ ಹಿಡಿಯುತ್ತಿದ್ದರು. ಕನ್ನಡದಲ್ಲಿ ಸಾಹಿತ್ಯಕ್ಕೆ ಇಷ್ಟೊಂದು ಗಮನ ಸಿಕ್ಕಿದ್ದು ಇದೇ ಮೊದಲಿರಬೇಕು. ನಕ್ಕರೆ ಎಂದರೆ ಬರೀ ಮುಗುಳ್ನಗೆ. ಸದ್ದು ಮಾಡಿ ನಗುವುದನ್ನು ಇನ್ನೂ ಕಲಿತಿರಲಿಲ್ಲ. ನೇತ್ರಾಳ ಅಮ್ಮನಿಗೆ ಮೊಣಕಾಲಿನ ಆಪರೇಶನ್ ಆದ್ದರಿಂದ ಬಾಣಂತನಕ್ಕೆ ಸುಶೀಲವ್ವನೇ ಬಂದಿದ್ದಳು. ಬಂದವಳು ಹಾಲಿನ ಮಂತ್ರಿಯಾಗಿ ಅಧಿಕಾರ ವಹಿಸಿಕೊಂಡಳು. ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ, ಅಂಟು, ಎಲ್ಲದರ ಗುರಿ ಒಂದೇ. ಇಂದು ಅದೇ ಹಾಲು ಕೈಕೊಡುತ್ತಿದೆಯೇ ಎಂಬ ಅನುಮಾನ ನೇತ್ರಾಳಿಗೆ ಹತ್ತು ಗಂಟೆಯ ಸುಮಾರಿಗೆ ಹುಟ್ಟಿತು. ಸಾಹಿತ್ಯ ಎದೆಗೆ ಬಾಯಿಟ್ಟಳು, ಎರಡು ಗುಟುಕು ಕುಡಿದಳು, ಬಿಟ್ಟಳು, ಕಿಟಕಿಯ ಕಡೆ ತಿರುಗಿದಳು, ಅತ್ತಳು. ಮತ್ತೆ ಇಟ್ಟಳು, ಮತ್ತೆ ಬಿಟ್ಟಳು. ಬತ್ತಿತೇ? ಇಷ್ಟು ಬೇಗ? ನೇತ್ರಾ ಎದೆಯನ್ನು ಬೆರಳಿನಿಂದ ಒತ್ತಿ ನೋಡಿದಳು, ಮಾವಿನಕಾಯಿ ಹಣ್ಣಾಯಿತೇ ಎಂದು ನೋಡುವ ಹಾಗೆ. ಒಂದು ಹನಿ ಬಂತು. ಆ ಹನಿ ತೆಳ್ಳಗಿದೆಯೇ, ನಿನ್ನೆ ಹೀಗೇ ಇತ್ತೇ, ನಿನ್ನೆ ನೋಡಿದವರು ಯಾರು. ದೇವರಿಗೆ ಕೊಟ್ಟ ಮಾತಿಗೆ ತಪ್ಪಿದರೆ ಮಗುವಿಗೆ ಏನಾದೀತೋ ಎಂದು ಹೆದರಿ ಉಪವಾಸ ಹಿಡಿದವಳು, ಉಪವಾಸ ಹಿಡಿದದ್ದರಿಂದಲೇ ಮಗುವಿಗೆ ಏನಾದೀತೋ ಎಂದು ಈಗ ಹೆದರುತ್ತಾ ಕೂತಳು. ಮೊಬೈಲಿನಲ್ಲಿ ಹುಡುಕಿದಳು. ಒಂದು ಪುಟ ಪರವಾಗಿಲ್ಲ ಎಂದಿತು, ಇನ್ನೊಂದು ಖಂಡಿತ ಬೇಡ ಎಂದಿತು, ಮೂರನೆಯದು ಹಾಲು ಹೆಚ್ಚಿಸುವ ಬಿಸ್ಕತ್ತು ಮಾರಲು ಬಂತು.

"ಯಾಕ ಅಳಾಕತ್ತಾಳ ಕೂಸು? ಹಾಲ ಸಾಲವಲ್ದೇನು?" ಅಡುಗೆಮನೆಯಿಂದ ಸುಶೀಲವ್ವನ ದನಿ.

"ಇಲ್ಲ ಅತ್ತೆ, ನಿದ್ದೆ ಬಂದಿದೆ ಅಷ್ಟೆ."

"ಉಂಡಿ ತಿಂದ್ಯಾ?"

"ಎರಡೂ ತಿಂದೆ ಅತ್ತೆ."

"ಹಂಗಾರ ಇನ್ನೆರಡು ಕೊಡ್ತೇನಿ ತಡಿ."

ಸುಳ್ಳಿನ ಬೆನ್ನಿಗೇ ಉಂಡೆ ಬಂತು. ಡಯಾಪರ್ ಬ್ಯಾಗು ದಪ್ಪಗಾಗುತ್ತಾ ಹೋದಂತೆ ನೇತ್ರಾ ತೆಳ್ಳಗಾಗುತ್ತಿದ್ದಳು. ಸುಶೀಲವ್ವ ಬರಿದಾದ ತಟ್ಟೆಯನ್ನು ನೋಡಿ, ಪರೀಕ್ಷೆಯಲ್ಲಿ ಮಗಳು ಪಾಸಾದ ಹಾಗೆ ತೃಪ್ತಿಪಟ್ಟು, "ಹಿಂಗ ತಿನ್ನಬೇಕ ನೋಡು" ಎಂದು ತಲೆ ಸವರಿ ಹೋದಳು. ಆ ಅಂಗೈ ತಲೆಯ ಮೇಲೆ ಎಷ್ಟು ಬೆಚ್ಚಗಿತ್ತೆಂದರೆ ನೇತ್ರಾ ಅಳುವುದರಲ್ಲಿದ್ದಳು.

ಮಗು ಮಲಗಿದ ಮೇಲೆ ಬೇಸ್‌ಮೆಂಟಿಗೆ ಇಳಿದು, ಡ್ರೈಯರ್ ಗುಡುಗುಡು ತಿರುಗುತ್ತಿದ್ದ ಲಾಂಡ್ರಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ನರ್ಸುಗಳು ಪುಕ್ಕಟೆ ಸಲಹೆ ಕೊಡುವ ಆರೋಗ್ಯದ ಲೈನಿಗೆ ಫೋನು ಮಾಡಿದಳು. ತೆಗೆದುಕೊಂಡವಳು ಡೋರೀನ್ ಎಂದಳು. ಜಮೈಕಾದ ಎಳೆತವಿದ್ದ ಇಂಗ್ಲಿಷು, ಬೆಲ್ಲದ ಪಾಕ ಎಳೆದಂತೆ. ನೇತ್ರಾ ಗಂಟಲು ಸರಿಮಾಡಿಕೊಂಡು, ತನ್ನ ಫ್ರೆಂಡ್ ಒಬ್ಬಳಿದ್ದಾಳೆ, ಅವಳಿಗೆ ಮೂರು ತಿಂಗಳು ದಾಟಿದ ಮಗು, ಬರೀ ಎದೆಹಾಲು, ಅವಳು ಇಂದು ಒಂದು ಹಬ್ಬಕ್ಕೆ ಉಪವಾಸ ಇದ್ದಾಳೆ, ನೀರೂ ಇಲ್ಲ, ಇದು ಸೇಫಾ ಎಂದು ಕೇಳಿದಳು.

"ಒಳ್ಳೇ ಫ್ರೆಂಡಮ್ಮ ನೀವು," ಎಂದಳು ಡೋರೀನ್. "ಫ್ರೆಂಡ್‌ಗೆ ತಲೆನೋವು ಇದೆಯಾ?"

"ಇದೆ. ಇದೆಯಂತೆ."

"ತಲೆ ಸುತ್ತು?"

"ಬಗ್ಗಿದರೆ ಮಾತ್ರ... ಅಂತ ಹೇಳಿದಳು."

"ಫ್ರೆಂಡ್ ಹತ್ತಿರದಲ್ಲೇ ಇದ್ದಾರಾ ಈಗ?"

"ತುಂಬಾ ಹತ್ತಿರ."

ಡೋರೀನ್ ಅವಸರವಿಲ್ಲದೆ ಹೇಳುತ್ತಾ ಹೋದಳು. ಆರೋಗ್ಯವಾಗಿರುವ ತಾಯಿ ಒಂದು ದಿನ ಊಟ ಬಿಟ್ಟರೆ ಹಾಲು ಬತ್ತಿಬಿಡುವುದಿಲ್ಲ. ದೇಹ ಮೊದಲು ಮಗುವಿಗೆ ಬಡಿಸುತ್ತದೆ, ಆಮೇಲೆ ತಾಯಿಗೆ. ಮಗು ಡಯಾಪರನ್ನು ಚೆನ್ನಾಗಿ ಒದ್ದೆ ಮಾಡುತ್ತಿದ್ದರೆ, ಎಚ್ಚರವಿದ್ದಾಗ ಚುರುಕಾಗಿದ್ದರೆ ಹೊಟ್ಟೆ ತುಂಬುತ್ತಿದೆ ಎಂದೇ ಅರ್ಥ. ಮಂಕಾದರೆ, ಡಯಾಪರ್ ಒಣಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಈ ವಯಸ್ಸಿನ ಮಕ್ಕಳು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು ಲೋಕ ನೋಡುವುದೂ ಉಂಟು. "ಆದರೆ ನೀರು ಬಿಡೋದು ಬೇರೆ ವಿಷಯ. ಹಾಲು ಕುಡಿಸೋಳಿಗೆ ದಾಹ ಎಲ್ಲರಿಗಿಂತ ಜಾಸ್ತಿ. ತಲೆನೋವು, ತಲೆಸುತ್ತು ಶುರುವಾದ ಮೇಲೆ ಉಪವಾಸ ನಿಲ್ಲಿಸಲೇಬೇಕು. ಯಾವ ದೇವರಾದರೂ ಸರಿ, ಹಾಲೂಡೋ ತಾಯಿಗೆ ವಿನಾಯಿತಿ ಕೊಡ್ತಾನೆ ಅಂತಲೇ ನಾನು ಕೇಳಿರೋದು. ಮಗು ಎತ್ಕೊಂಡು ಓಡಾಡೋಳು ಅವಳೇ ತಾನೆ? ಅವಳು ಬಿದ್ದರೆ ಇಬ್ಬರು ಬೀಳ್ತಾರೆ. ಈಗ ಒಂದು ಕೆಲಸ ಮಾಡಿ. ನಾನು ಲೈನಲ್ಲೇ ಇರ್ತೀನಿ. ಫ್ರೆಂಡ್‌ಗೆ ಒಂದು ಲೋಟ ನೀರು ಕೊಡಿ."

ನೇತ್ರಾ ಲಾಂಡ್ರಿ ಸಿಂಕಿನ ನಲ್ಲಿ ತಿರುಗಿಸಿದಳು. ನೀರು ಸುರಿಯಿತು. ಆ ಸದ್ದು ಫೋನಿಗೆ ಕೇಳಿಸಲಿ ಎಂದು ಹತ್ತಿರ ಹಿಡಿದಳು. ನಲ್ಲಿ ನಿಲ್ಲಿಸಿ, "ಕುಡಿದಳು" ಎಂದಳು.

"ಎಲ್ಲಾ ಕುಡಿದಳಾ?"

"ಎಲ್ಲಾ."

"ಗುಡ್ ಗರ್ಲ್" ಎಂದಳು ಡೋರೀನ್. ಅದು ಯಾರಿಗೆ ಹೇಳಿದ್ದೆಂದು ನೇತ್ರಾಳಿಗೆ ಗೊತ್ತಾಯಿತು. ಫೋನಿಟ್ಟ ಮೇಲೆ ಬಹಳ ಹೊತ್ತು ಒದ್ದೆ ಸಿಂಕನ್ನು ನೋಡುತ್ತಾ ನಿಂತಳು. ಎಂದೂ ಕಾಣದ, ಎಂದೂ ಕಾಣಲಾರದ ಹೆಂಗಸೊಬ್ಬಳಿಗೆ, ಅದೂ ಅಷ್ಟು ಮೆತ್ತಗೆ ಮಾತಾಡಿದವಳಿಗೆ ಸುಳ್ಳು ಹೇಳಿದ್ದು ಅತ್ತೆಗೆ ಹೇಳಿದ್ದಕ್ಕಿಂತ ಹೆಚ್ಚು ಕೊರೆಯಿತು. ನಾಚಿಕೆಯ ತಳದಲ್ಲಿ ಇನ್ನೊಂದು ಖುಷಿ ಕಳ್ಳನ ಹಾಗೆ ಅಡಗಿ ಕೂತಿತ್ತು: ದೇಹ ಮೊದಲು ಮಗುವಿಗೆ ಬಡಿಸುತ್ತದೆ. ಹಾಗಾದರೆ ನಷ್ಟವೆಲ್ಲ ತನ್ನದೇ. ತನ್ನದೇ ಆದರೆ ತಡೆದುಕೊಳ್ಳಬಹುದು. ಡೋರೀನ್ ಹೇಳಿದ್ದರಲ್ಲಿ ಬೇಕಾದ ಅರ್ಧವನ್ನು ಇಟ್ಟುಕೊಂಡು ಬೇಡದ ಅರ್ಧವನ್ನು ಸಿಂಕಿನಲ್ಲಿ ಹರಿಯಬಿಟ್ಟು, ಗೋಡೆ ಹಿಡಿದುಕೊಂಡು ಮೇಲೆ ಬಂದಳು. ಶಾಸ್ತ್ರ ಓದುವವರೂ ವಿಜ್ಞಾನ ಓದುವವರೂ ಹೀಗೇ ಓದುತ್ತಾರಲ್ಲ ಎಂದು ಅಪ್ಪನಿಗೆ ಹೇಳಬೇಕೆನಿಸಿತು.

ಮಧ್ಯಾಹ್ನದ ಹೊತ್ತಿಗೆ ಲೋಕವೆಲ್ಲ ನೀರಾಯಿತು. ಸೂರು ಬಿಸಿಲಿಗೆ ತೊಟ್ಟಿಕ್ಕಲು ಶುರುವಾಗಿತ್ತು. ಒಂದೊಂದು ಹನಿ ಡೆಕ್ಕಿನ ಹಲಗೆಯ ಮೇಲೆ ಬಿದ್ದಾಗಲೂ ಅವಳ ಗಂಟಲು ತನ್ನಷ್ಟಕ್ಕೆ ನುಂಗುತ್ತಿತ್ತು. ಸುಶೀಲವ್ವ ಚಹಾ ಸೋಸಿದಳು, ಆ ಧಾರೆಯ ಸದ್ದಿಗೆ ನೇತ್ರಾ ಕಣ್ಣು ಮುಚ್ಚಿದಳು. ನೆನಪಿಗೆ ಬಂದ ಮಾತುಗಳೂ ಒದ್ದೆ: ತಣ್ಣೀರು, ಎಳನೀರು, ಪನ್ನೀರು, ಕಣ್ಣೀರು, ಕೊನೆಗೆ ನೀರುಳ್ಳಿ ಕೂಡ. ಕಲ್ಲುಸಕ್ಕರೆ ಕರಗಿಸಿದ ನೀರನ್ನು ಅಜ್ಜಿ ಜ್ವರ ಬಂದಾಗ ಚಮಚೆಯಲ್ಲಿ ಕೊಡುತ್ತಿದ್ದಳು, ಆ ಚಮಚೆಯ ತಗಡಿನ ರುಚಿ ಈಗ ನಾಲಿಗೆಯ ಮೇಲೆ ಬಂದು ಕೂತಿತು, ರುಚಿ ಬಂತೇ ಹೊರತು ನೀರು ಬರಲಿಲ್ಲ. ನೀರು ಎಂಬ ಒಂದು ಮಾತನ್ನು ಆ ದಿನ ಸೇರಿಸದಿದ್ದರೆ ಆಗುತ್ತಿರಲಿಲ್ಲವೇ. ಅಲ್ಲೂ ಜಂಬ. ಹರಕೆಯಲ್ಲೂ ಫಸ್ಟ್ ಕ್ಲಾಸ್ ಬರಬೇಕು ಎನ್ನುವ ಮೇಷ್ಟ್ರ ಮಗಳು. ಡೈನಿಂಗ್ ಟೇಬಲ್ಲಿನ ಎದುರು ತುದಿಯಲ್ಲಿ ಸುಶೀಲವ್ವ, ಅರವತ್ತು ವರ್ಷದಿಂದ ಶಿವನ ಪರಿಚಯವಿರುವವಳು, ಚಹಾಕ್ಕೆ ಬಾಳೆಹಣ್ಣು ನೆಂಚಿಕೊಂಡು ನೆಮ್ಮದಿಯಾಗಿ ಉಪವಾಸ ಮಾಡುತ್ತಿದ್ದಳು.

ಮೂರೂವರೆಗೆ ಆನಂದ ಬಂದ. ವಾನ್ ಎಂಬ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಅವನು ಸೂಪರ್‌ವೈಸರ್. ಬೂಟಿನ ಹಿಮ ಕೊಡವುತ್ತಲೇ ಬಾಗಿಲಿನಿಂದ ವರದಿ ಶುರುಮಾಡಿದ.

"ಅವ್ವಾ, ಲಂಚ್‌ನ್ಯಾಗ ಎಲ್ಲಾರಿಗೂ ಹೇಳೀನಿ, ಟುಡೇ ಐ ಆಮ್ ಫಾಸ್ಟಿಂಗ್ ಅಂತ. ಪಾಪ, ಎಲ್ಲಾರೂ ಮಾರಿ ಸಣ್ಣದ ಮಾಡಕೊಂಡ್ರು. ಆಮ್ಯಾಲೆ ನಾ ಡಬ್ಬಿ ತಗದೆ. ಖಿಚಡಿ, ಗೆಣಸು, ಶೇಂಗಾ ಉಂಡಿ, ಮೊಸರು, ಕರಜೂರಿ. ಟೋನಿ ಅಂತಾನ, ಇದು ಫಾಸ್ಟಿಂಗ್ ಆದ್ರ ನಿಮ್ಮ ಫೀಸ್ಟಿಂಗ್ ಹೆಂಗಿರತೈತೋ ಮಾರಾಯಾ!"

ಸುಶೀಲವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆನಂದ ನೇತ್ರಾಳ ಕಡೆ ತಿರುಗಿ, ಪ್ರತಿವರ್ಷ ಈ ಸಂದರ್ಭದಲ್ಲಿ ಬರುವ ಅವಳ ಕುಟುಕಿಗೆ ಕಾದು ನಿಂತ. ಬರಲಿಲ್ಲ.

"ಯಾಕ, ಇವತ್ತ ನಮ್ಮ ಉಪಾಸಕ್ಕ ಕಾಮೆಂಟ್ ಇಲ್ಲೇನು ಮೇಡಮ್ಮೋರ್ದು? ಗ್ರೂಪಿನ್ಯಾಗ ಎಲ್ಲಾರೂ ಕಾಯಾಕತ್ತಾರ."

"ನಿಮ್ಮ ಗ್ರೂಪಿಗೆ ಹೇಳಿ, ನಾನೇನು ಜೋಕ್ ಮಾಡೋ ಮೆಷಿನ್ ಅಲ್ಲ ಅಂತ" ಎಂದಳು ನೇತ್ರಾ, ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ. ಆನಂದ ಬೂಟು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ. ಅವನ ಮೀಸೆಯ ಮೇಲೆ ಸೂರಿನಿಂದ ಉದುರಿದ್ದ ಒಂದು ಹಿಮದ ಹರಳು ಕರಗಿ ನೀರಾಗಿ ತುಟಿಗೆ ಇಳಿಯಿತು. ಅವನು ಅದನ್ನು ನಾಲಿಗೆಯಿಂದ ಒರೆಸಿಕೊಂಡ. ಆ ಕ್ಷಣ ನೇತ್ರಾ ಅವನನ್ನು ನಿಜವಾಗಿಯೂ ದ್ವೇಷಿಸಿದಳು.

ಮೇಲಿನ ಕೋಣೆಯಿಂದ ಮಗು ಕೂಗಿತು, ನೇತ್ರಾಳಿಗೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು. ಮೆಟ್ಟಿಲು ಹತ್ತಿ ಹೋಗಿ ಡಯಾಪರ್ ಬಿಚ್ಚಿದಳು. ಭಾರವಾಗಿತ್ತು. ಕೈಯಲ್ಲಿ ಎತ್ತಿ ತೂಗಿದಳು. ಚಿನ್ನದಂಗಡಿಯವರೂ ಇಷ್ಟು ಅಕ್ಕರೆಯಿಂದ ತೂಗಿರಲಾರರು. ಸಾಹಿತ್ಯ ಕಾಲು ಝಾಡಿಸುತ್ತಾ, ತಾನು ಮಾಡಿದ ಕೆಲಸದ ಬಗ್ಗೆ ಯಾವ ಗರ್ವವೂ ಇಲ್ಲದೆ ಫ್ಯಾನು ನೋಡುತ್ತಿದ್ದಳು. ಹೊಟ್ಟೆಗೆ ಸಿಕ್ಕಿದೆ. ಸಿಕ್ಕಿದೆ! ಹೊಸ ಡಯಾಪರ್ ಹಾಕಿ, ಎದೆಗವಚಿಕೊಂಡು, ಇನ್ನೇನು, ಸಂಜೆಯ ಪೂಜೆಯವರೆಗೆ ತಡೆದರೆ ಸಾಕು ಎಂದುಕೊಂಡು ಮೆಟ್ಟಿಲ ತುದಿಗೆ ಬಂದಳು. ಒಂದು ಮೆಟ್ಟಿಲು ಇಳಿದಳು. ಎರಡನೆಯದು ಅಲ್ಲಿರಲಿಲ್ಲ. ಬೀಜ್ ಬಣ್ಣದ ಕಾರ್ಪೆಟ್ಟು ಮೆಟ್ಟಿಲಿನ ಅಂಚುಗಳನ್ನೆಲ್ಲ ನುಂಗಿ ಒಂದೇ ಹೊಳೆಯ ಹಾಗೆ ಕೆಳಕ್ಕೆ ಹರಿಯುತ್ತಿತ್ತು. ಕಿವಿಯೊಳಗೆ ಗುಂಯ್ ಎಂದಿತು. ಕಂಬಿ ಹಿಡಿಯಲು ಹೋದ ಕೈ ಬರೀ ಗಾಳಿಯನ್ನು ಹಿಡಿಯಿತು. ಆ ಕೈ ಕಂಬಿಯ ಆಸೆ ಬಿಟ್ಟು ಮಗುವಿನ ತಲೆಗೆ ಬಂತು. ಯಾರು ಕೂರಿಸಿದರೋ, ಅವಳು ಧೊಪ್ಪನೆ ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಎದೆಯ ಮೇಲೆ ಇತ್ತು. ಇತ್ತು. ಎರಡು ಕೈಯೂ ಅದರ ಸುತ್ತ ಇದ್ದವು. ಅವಳು ಬಿದ್ದರೆ ಇಬ್ಬರು ಬೀಳ್ತಾರೆ. ಹರಕೆ ಹೊತ್ತದ್ದು ಯಾರು ಉಳಿಯಲೆಂದು, ಈಗ ಕೆಡವುತ್ತಿದ್ದುದು ಯಾರನ್ನು. ಬೆವರು ಹಣೆಯ ಮೇಲೆ ತಣ್ಣಗೆ ಮೂಡಿತು. ಏಳಲು ಧೈರ್ಯವಿಲ್ಲ, ಕೂಗಲು ನಾಲಿಗೆ ಏಳುತ್ತಿಲ್ಲ, ಕೆಳಗೆ ಹೋಗಲೇಬೇಕು, ನೀರು ಕೆಳಗಿದೆ. ನೀರು ಎಂಬ ಯೋಚನೆ ಈಗ ಪಾಪವಾಗಿ ಬರಲಿಲ್ಲ, ದಿಕ್ಕಾಗಿ ಬಂತು. ಮಗುವನ್ನು ಬಿಗಿಯಾಗಿ ಅಪ್ಪಿಕೊಂಡು, ಚಿಕ್ಕಂದಿನಲ್ಲಿ ಅಜ್ಜಿಮನೆಯ ಮೆಟ್ಟಿಲಲ್ಲಿ ಇಳಿಯುತ್ತಿದ್ದ ಹಾಗೆ ಕುಂಡೆ ಜಾರಿಸಿದಳು. ಧಪ್. ಒಂದು ಮೆಟ್ಟಿಲು.

ಎದೆಯ ಹತ್ತಿರದಿಂದ ಒಂದು ಸದ್ದು ಬಂತು. ಬಿಕ್ಕಳಿಕೆಯೋ ಕೆಮ್ಮೋ. ನೇತ್ರಾ ಗಾಬರಿಯಿಂದ ಮಗುವಿನ ಮುಖ ನೋಡಿದಳು. ಸಾಹಿತ್ಯ ಬಾಯಿ ಅಗಲಿಸಿ, ಕಣ್ಣರಳಿಸಿ, ಲೋಕದ ಅತಿ ದೊಡ್ಡ ವಿಸ್ಮಯ ಈಗಷ್ಟೇ ನಡೆದಿದೆ ಎಂಬಂತೆ ಅಮ್ಮನನ್ನು ನೋಡುತ್ತಿದ್ದಳು. ನೇತ್ರಾ ಮತ್ತೊಂದು ಮೆಟ್ಟಿಲು ಜಾರಿದಳು. ಧಪ್. ಖಿಲ್ ಎಂದಿತು ಮಗು. ನಗು! ಸದ್ದು ಮಾಡಿ ನಗು! ಹೊಸ ಆಟಿಕೆ ಸಿಕ್ಕಿದಂತೆ ತನ್ನ ಸದ್ದಿಗೆ ತಾನೇ ಬೆರಗಾಗಿ ಒಂದು ಕ್ಷಣ ನಿಲ್ಲಿಸಿ, ಧಪ್ ಎಂದಾಗ ಮತ್ತೆ ಖಿಲಖಿಲ. ಧಪ್, ಖಿಲ್. ಧಪ್, ಖಿಲಖಿಲ. ನೇತ್ರಾಳ ತುಟಿ ಸೀಳಿತು, ಹಲ್ಲಿಗೆ ಅಂಟಿದರೆ ಅಂಟಲಿ, ಅವಳೂ ನಗುತ್ತಿದ್ದಳು, ತಲೆ ಸುತ್ತುತ್ತಿತ್ತು, ಸುತ್ತುವ ತಲೆಯೊಳಗೆ ನಗು ಸುತ್ತುತ್ತಿತ್ತು. ಶಬ್ದ ಕೇಳಿ ಕೆಳಗೆ ಆನಂದ ಓಡಿಬಂದವನು, ಹೆಂಡತಿ ಮೆಟ್ಟಿಲ ಮೇಲೆ ಕುಂಡೆಯೂರಿ ಇಳಿಯುತ್ತಿರುವುದನ್ನು ಕಂಡು, "ಅವ್ವಾ! ಅವ್ವಾ ಬಾ ಇಲ್ಲೆ! ಕೂಸು ನಗಾಕತ್ತೈತಿ!" ಎಂದು ಜೇಬಿನಲ್ಲಿ ಫೋನಿಗೆ ತಡಕಾಡಿದ.

ಸುಶೀಲವ್ವ ಸೌಟು ಹಿಡಿದುಕೊಂಡೇ ಬಂದಳು. ಮೊಮ್ಮಗಳ ನಗುವಿಗೆ ಅವಳ ಮುಖ ಇಷ್ಟಗಲವಾಯಿತು. ಎರಡು ಮೆಟ್ಟಿಲು ಹತ್ತಿ ಬಗ್ಗಿ, "ನನ ಬಂಗಾರಾ, ಏನಾತವಾ, ಯಾರ ನಗಿಸಿದ್ರ" ಎನ್ನುತ್ತಾ ಮಗುವನ್ನು ಎತ್ತಿಕೊಳ್ಳಲು ಸೊಸೆಯ ಮುಖದ ಹತ್ತಿರ ಬಂದವಳು ಹಾಗೇ ನಿಂತಳು. ಮೂಗು ಅರಳಿತು. ಮಗುವನ್ನು ಮಗನ ಕೈಗೆ ಕೊಟ್ಟು, ಮತ್ತೆ ಬಗ್ಗಿ, ನೇತ್ರಾಳ ಬಾಯಿಯ ಹತ್ತಿರ ಮೂಗು ತಂದಳು.

"ಬಾಯಿ ತಗಿ."

"ಏನಿಲ್ಲ ಅತ್ತೆ..."

"ತಗೀ ಅಂದ್ನಿ. ಹಾ ಅನ್ನು." ಸುಶೀಲವ್ವ ನೆಟ್ಟಗಾದಳು. "ಬೆಳ್ಳುಳ್ಳಿ ಹಾಕಿದ ಪಲ್ಯ ತಿಂದ ಬಾಯಿ ಅಲ್ಲ ಇದು. ಇದು ಉಪಾಸದ ಬಾಯಿ. ಅರವತ್ತ ವರ್ಷ ನನ್ನ ಬಾಯಿ ನಾ ಮೂಸಿ ನೋಡೇನಿ, ನನಗ ಹೇಳ್ತಿ? ನೀರೂ ಕುಡದಿಲ್ಲ. ನಾಲಿಗಿ ಬೆಂಡ ಆಗೈತಿ. ಮತ್ತ ಉಂಡಿ ಎಲ್ಲಿ ಹೋದ್ವು?"

"ಡಯಾಪರ್ ಬ್ಯಾಗಲ್ಲಿ" ಎಂದಳು ನೇತ್ರಾ. ದೊಡ್ಡವಳಾದ ಮೇಲೆ ಹಿಂದೆಂದೂ ಇಷ್ಟು ಚಿಕ್ಕವಳಾದದ್ದು ಅವಳಿಗೆ ನೆನಪಿರಲಿಲ್ಲ.

"ಡಯಾಪರ್... ಶಿವ ಶಿವಾ!"

ಆನಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದು ನಿಂತಿದ್ದ. "ನೇತ್ರಾ, ನೀ? ಉಪಾಸ? ನೀನು?" ಆ ಅಗಲವಾದ ನಗು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅವನು ಬೆಪ್ಪಾಗಿ, ಹೆದರಿ, ಅವಳ ಪಾದದ ಹತ್ತಿರದ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಗ ಅವಳಿಗೆ ಎಲ್ಲ ಹೇಳದೆ ಇರಲಾಗಲಿಲ್ಲ. ಕುದುರೆ ನಿಂತು ನಿಂತು ನಡೆದದ್ದು, ಎಡಕ್ಕೆ ತಿರುಗಿದ್ದು, ಮಾತು ಕೊಟ್ಟದ್ದು, ನೀರನ್ನೂ ಸೇರಿಸಿದ್ದು. ಹೇಳುತ್ತಾ ಹೇಳುತ್ತಾ ನಾಲಿಗೆ ತೊದಲಿತು. "ನೀರು ಬೇಕು ಅತ್ತೆ. ಕುಡೀಲೇಬೇಕು, ಇನ್ನೊಂಚೂರು ಆಗಿದ್ರೆ ಮಗೂನ ಬೀಳಿಸ್ತಿದ್ದೆ. ಆದ್ರೆ ಕುಡಿದ್ರೆ... ಕೊಟ್ಟ ಮಾತಿಗೆ ತಪ್ಪಿದೆ ಅಂತ ಇವಳಿಗೆ ಏನಾದ್ರೂ ಆದ್ರೆ?"

ಸುಶೀಲವ್ವನ ಮುಖದ ಮೇಲೆ ಬಂದದ್ದು ಸಿಟ್ಟಲ್ಲ, ಹೊಸದಾಗಿ ಅಂಗಡಿಗೆ ಬಂದು ಹೇಳಿದ ಬೆಲೆಗೇ ಕೊಂಡುಬಿಟ್ಟವಳನ್ನು ನೋಡುವ ಮರುಕ.

"ಅಯ್ಯ ಹುಚ್ಚೀ. ದೇವ್ರ ಇಲ್ಲ ಇಲ್ಲ ಅಂದೋರ ಕಥಿನ ಇಷ್ಟು. ಒಮ್ಮಿ ಹೆದರಿದ್ರ ಹೆಂಗ ಹೆದರತೀರಿ ಅಂದ್ರ, ಒಂದ ಮಾತೂ ಕೂಡ ಚೌಕಾಶಿ ಮಾಡಂಗಿಲ್ಲ. ನಾ ಎಷ್ಟ ಬೇಡಕೊಂಡೀನಿ ಅವಂಗ, ಎಷ್ಟ ಮುಂದ ಹಾಕೀನಿ! ಮಂಡಿ ನೋವೈತಿ, ಮುಂದಿನ ವರ್ಷ ಅಂದೀನಿ. ಬಿಸಲ ಭಾಳ ಐತಿ, ಛಳಿಗಾಲದಾಗ ಬರ್ತೇನಿ ಅಂದೀನಿ. ಅವ ಎಂದೂ ಒಲ್ಲೆ ಅಂದಿಲ್ಲ. ಮತ್ತ ನೀ ಹರಕಿ ಹೊತ್ತದ್ದು ಯಾರ ಉಪಾಸಾ? ನಿನ್ನ ಒಬ್ಬಾಕಿದು. ಈಗ ನೀ ಒಬ್ಬಾಕೀನ ಅದೀಯೇನು? ನಿನ್ನ ಉಂಡ ಬದಕೋ ಕೂಸೊಂದು ಐತಿ. ಅದನ್ನ ಕೇಳಿದ್ಯಾ? ಮಂದಿ ಬಾಯಿಗಿನ ನೀರ ಹರಕಿ ಹೊರಾಕ ಯಾರ ಹೇಳ್ಯಾರ ನಿನಗ?"

"ಅವ್ವ ಹೇಳೋದ್ರಾಗ ಲಾಜಿಕ್ ಐತಿ" ಎಂದ ಆನಂದ.

"ನೀ ಸುಮ್ನಿರು. ನೀರ ತಗೊಂಡ ಬಾ, ಸಕ್ರಿ ಹಾಕಿ, ಚೂರ ಉಪ್ಪು."

ಅವನು ಮಗುವಿನ ಸಮೇತ ಅಡುಗೆಮನೆಗೆ ಓಡಿದ. ಸುಶೀಲವ್ವ ಕೊರಳಲ್ಲಿದ್ದ, ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದಳು. ಅವಳ ದೇವರು ಅಲ್ಲೇ, ಎದೆಯ ಮೇಲೆಯೇ ಇದ್ದ. ದೂರದ ಕರೆ ಮಾಡುವ ಅಗತ್ಯವಿರಲಿಲ್ಲ. ಓಣಿಯ ಪರಿಚಯದವನ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು: "ನೋಡಪಾ, ಹುಡಿಗಿ ಹೊಸಾಕಿ. ನಿನ್ನ ಕೂಡ ಮಾತಾಡಿ ರೂಢಿ ಇಲ್ಲ. ಬ್ಯಾನಿ ತಿನ್ನೂ ಮುಂದ ಏನೋ ಅಂದಾಳ. ಕೂಸು ಅನ್ನ ಉಂಡು, ಎದಿ ಬಿಡೂಮಟಾ ನೀ ತಡಿ. ಆಮ್ಯಾಲೆ ಅಕಿ ಮೈಯಾಗ ಶಕ್ತಿ ಇದ್ರ ಮಾಡ್ತಾಳ, ಅದೂ ನೀರ ಕುಡದ. ಇಲ್ಲಂದ್ರ ನಾ ಅದೇನಿ." ತುಸು ಹೊತ್ತು ಕಿವಿಗೊಟ್ಟು ಕೇಳಿದ ಹಾಗೆ ನಿಂತಳು.

"ಏನಂದ?" ಎಂದಳು ನೇತ್ರಾ. ತಾನು ಗೇಲಿ ಮಾಡುತ್ತಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು.

"ಏನೂ ಅನ್ನಲಿಲ್ಲ. ಬ್ಯಾಡ ಅನ್ನಾವ ಆಗಿದ್ರ ಅಂತಿದ್ದ."

ಆನಂದ ತಂದ ಸ್ಟೀಲಿನ ಲೋಟ ಹೊರಗೆಲ್ಲ ಬೆವರಿತ್ತು. ನೇತ್ರಾ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಮೇಷ್ಟ್ರ ಮಗಳು ಮತ್ತು ಮಾತು ಕೊಟ್ಟವಳು ಇಬ್ಬರೂ ಒಂದೇ ತುಟಿಯನ್ನು ಲೋಟಕ್ಕೆ ಇಟ್ಟರು. ಮೊದಲ ಗುಟುಕು ನಾಲಿಗೆಯ ಮೇಲೆ ನಿಂತಿತು, ಒಣಗಿದ ನೆಲ ನೀರನ್ನು ಒಮ್ಮೆಲೇ ಒಳಗೆ ಬಿಟ್ಟುಕೊಳ್ಳದ ಹಾಗೆ, ಆಮೇಲೆ ಬಿಟ್ಟುಕೊಂಡಿತು. ಗಂಟಲು, ಎದೆ, ಹೊಟ್ಟೆ, ತನ್ನ ಒಳಗೆ ಇಷ್ಟೊಂದು ದಾರಿಗಳಿವೆ ಎಂದು ಅವಳಿಗೆ ನೀರು ತೋರಿಸುತ್ತಾ ಇಳಿಯಿತು. ಏನೂ ಆಗಲಿಲ್ಲ. ಮಗು ಅಪ್ಪನ ಹೆಗಲ ಮೇಲೆ ಇತ್ತು. ಸೂರು ತೊಟ್ಟಿಕ್ಕುತ್ತಿತ್ತು. ಅವಳು ಲೋಟ ಬರಿದು ಮಾಡಿದಳು, ಇನ್ನೊಂದು ಕೇಳಿದಳು, ಅದನ್ನೂ ಕುಡಿದಳು. ಸುಶೀಲವ್ವ ಪಕ್ಕದಲ್ಲೇ ಮೆಟ್ಟಿಲ ಮೇಲೆ ಇಕ್ಕಟ್ಟಾಗಿ ಕೂತು, ಬಾಣಂತಿಗೆಂದು ಮಾಡಿಟ್ಟು, ಮೊಸರು ಕಲಸಿ ತಂದ ಬಿಸಿ ಅನ್ನವನ್ನು ತುತ್ತು ತುತ್ತಾಗಿ ಕೈಯಾರೆ ಬಾಯಿಗಿಟ್ಟಳು. ಈ ಸಲ ತುತ್ತು ಬ್ಯಾಗಿಗೆ ಹೋಗದಂತೆ, ನುಂಗುವವರೆಗೆ ಗಂಟಲನ್ನೇ ನೋಡುತ್ತಾ.

ಸಾಹಿತ್ಯ ಕೊಸರಾಡಿದಳು. ನೇತ್ರಾ ಗೋಡೆಗೊರಗಿ ಅವಳನ್ನು ಎದೆಗೆ ಹಿಡಿದಳು. ಮಗು ಈ ಬಾರಿ ಕಿಟಕಿಯ ಕಡೆ ತಿರುಗಲಿಲ್ಲ. ಗುಟುಕ್, ಗುಟುಕ್, ಸಣ್ಣ ಹೊಳೆಯೊಂದು ಕಲ್ಲು ದಾಟಿದ ಹಾಗೆ ಸದ್ದು. ಮೂವರು ದೊಡ್ಡವರು ಒಂದು ಇಕ್ಕಟ್ಟಾದ ಮೆಟ್ಟಿಲ ಸಾಲಿನಲ್ಲಿ ಉಸಿರು ಹಿಡಿದು ಅದನ್ನೇ ಕೇಳುತ್ತಾ ಕೂತರು. ನೇತ್ರಾಳ ಕಣ್ಣಿನಿಂದ ಒಂದು ಹನಿ ಜಾರಿ ಮಗುವಿನ ಕೆನ್ನೆಯ ಮೇಲೆ ಬಿತ್ತು. ಅಳುವಷ್ಟು ನೀರು ಮೈಗೆ ಆಗಲೇ ಬಂತೇ ಎಂದು ಅವಳಿಗೆ ಸೋಜಿಗ. ಸಾಹಿತ್ಯ ಕುಡಿಯುವುದನ್ನು ಬಿಟ್ಟು, ಕೆನ್ನೆ ಒದ್ದೆ ಮಾಡಿದವರು ಯಾರೆಂದು ಮೇಲೆ ನೋಡಿ, ಹಾಲು ತುಂಬಿದ ಬಾಯಿಂದಲೇ ಖಿಲ್ಲೆಂದು ನಕ್ಕಳು. ಹಾಲು ಎಲ್ಲರ ಮೇಲೆ ಸಿಡಿಯಿತು.